ಸತ್ತವನ ಹೆಸರು ಹೇಳಿ ನೋಡೋಣ

ಹೋದ ತಿಂಗಳು ಒಂದು ಶನಿವಾರ ರಾತ್ರಿ, ಜೆಪಿ ನಗರದಲ್ಲಿರೋ ಗೆಳೆಯನ ಫ್ಲ್ಯಾಟಿನಲ್ಲಿ ಐದು ಜನ ಸೇರಿದ್ವಿ. ಎಲ್ಲರೂ ಸಾಫ್ಟ್‌ವೇರಿನವರೇ. ಇಬ್ಬರು ಬಿಟಿಎಂ ಲೇಔಟಿಂದ, ಒಬ್ಬ ಜಯನಗರದಿಂದ, ನಾನು ಬನಶಂಕರಿಯಿಂದ. ಟೀವಿಯಲ್ಲಿ ‘ಗರುಡ ಗಮನ ವೃಷಭ ವಾಹನ’ ಓಡ್ತಿತ್ತು. 2021ರ ನವೆಂಬರಿನಲ್ಲಿ ಥಿಯೇಟರಿಗೆ ಹೋಗಿ ನೋಡಿದ ಸಿನಿಮಾ ಅದು. ಅಲ್ಲಿಂದ ಇಲ್ಲಿತನಕ ವರ್ಷಕ್ಕೆ ಒಂದೆರಡು ಸಲ ನೋಡ್ತೀವಿ, ಪ್ರತಿ ಸಲವೂ ಅದೇ ಜಗಳ ಆಡ್ತೀವಿ. ಶಿವ ಕೆಟ್ಟಿದ್ದು ಯಾವಾಗ? ಹರಿ ಕೆಟ್ಟಿದ್ದು ಯಾವಾಗ? ಇಬ್ಬರಲ್ಲಿ ಮೊದಲು ದಾರಿ ತಪ್ಪಿದವನು ಯಾರು?

“ಶಿವ ಕೆಡಲೇ ಇಲ್ಲ ಮಗಾ. ಅವನು ಮೊದಲಿಂದ್ಲೂ ಹಾಗೇ. ಕೆಟ್ಟಿದ್ದು ಹರಿ, ಅಧಿಕಾರದ ರುಚಿ ಹತ್ತಿದ ಮೇಲೆ.”

“ಹರಿ ಬದುಕೋಕೆ ನೋಡ್ದ, ಅದು ತಪ್ಪಾ? ಶಿವನ್ನ ಕಟ್ಕೊಂಡು ಯಾರಿಗಾದ್ರೂ ಉದ್ಧಾರ ಆಗೋಕಾಗುತ್ತಾ?”

“ಹೆಸರಲ್ಲೇ ಇದೆಯಲ್ಲ ಗುರೂ. ಬ್ರಹ್ಮಯ್ಯ ಸೃಷ್ಟಿ, ಹರಿ ಸ್ಥಿತಿ, ಶಿವ ಲಯ. ಅವನ ಕೆಲಸವೇ ಅದು. ಅಲ್ಲಿ ಹೋಗಿ ಸರಿ ತಪ್ಪು ಹುಡುಕ್ತೀಯಲ್ಲ!”

ಆ ರಾತ್ರಿ ನನಗೆ ಏನನ್ನಿಸಿತೋ, ಒಂದು ಪ್ರಶ್ನೆ ಕೇಳಿದೆ. “ಕ್ರಿಕೆಟ್ ಆಟದ ಜಗಳಕ್ಕೆ ಶಿವ ಹುಡುಗರನ್ನ ಕೊಂದನಲ್ಲ, ಆ ಹುಡುಗರ ಹೆಸರೇನು?”

ಯಾರೂ ಮಾತಾಡಲಿಲ್ಲ. ಒಬ್ಬ ಫೋನ್ ತೆಗೆದು ಹುಡುಕೋಕೆ ಶುರು ಮಾಡಿದ. ನಾನು ದೊಡ್ಡವನಾಗೋಕೆ ಕೇಳಿದ್ದಲ್ಲ. ನನಗೂ ಗೊತ್ತಿರಲಿಲ್ಲ. ನಾಲ್ಕೈದು ಸಲ ನೋಡಿದ ಸಿನಿಮಾ, ಶಿವ ಲುಂಗಿ ಹೇಗೆ ಕಟ್ತಾನೆ ಅಂತ ಗೊತ್ತು, ಹೇಗೆ ನಡೀತಾನೆ ಅಂತ ಗೊತ್ತು. ಯಾವ ಸಾವಿನಿಂದ ಇಡೀ ಕಥೆ ತಿರುಗುತ್ತೋ ಆ ಸಾವು ಯಾರದು ಅಂತ ಗೊತ್ತಿಲ್ಲ.

ನಮ್ಮ ಕೆಲಸದಲ್ಲಿ ಆರ್‌ಸಿಎ ಅಂತ ಒಂದಿದೆ, ರೂಟ್ ಕಾಸ್ ಅನಾಲಿಸಿಸ್. ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಮಲಗಿದರೆ ಬೆಳಗ್ಗೆ ಕೂತು ಬರೀಬೇಕು: ಯಾಕಾಯ್ತು, ಅದಕ್ಕೆ ಕಾರಣವೇನು, ಆ ಕಾರಣಕ್ಕೆ ಕಾರಣವೇನು. ಆದರೆ ಆ ಡಾಕ್ಯುಮೆಂಟಿನಲ್ಲಿ ಕಾರಣ ಬರೋದು ಆಮೇಲೆ. ಎಲ್ಲಕ್ಕಿಂತ ಮೇಲೆ ಇಂಪ್ಯಾಕ್ಟ್ ಅಂತ ಒಂದು ಕಾಲಂ ಇರುತ್ತೆ. ಎಷ್ಟು ಜನಕ್ಕೆ ತೊಂದರೆ ಆಯ್ತು, ಯಾರಿಗೆ, ಎಷ್ಟು ಹೊತ್ತು. ಅದನ್ನ ಖಾಲಿ ಬಿಟ್ಟು ಬರೀ ಕಾರಣ ಬರೆದು ಕಳಿಸಿದರೆ ಮ್ಯಾನೇಜರು ಮುಖಕ್ಕೆ ಎಸೀತಾರೆ.

ನಾವು ಅಭಿಮಾನಿಗಳು ಮಾಡೋ ಆರ್‌ಸಿಎಯಲ್ಲಿ ಆ ಕಾಲಂ ಯಾವಾಗಲೂ ಖಾಲಿ. ಶಿವನ ಬಾಲ್ಯ ಬರೀತೀವಿ, ಗೆಳೆತನ ಬರೀತೀವಿ, ಮೋಸ ಬರೀತೀವಿ. ಸತ್ತವರ ಜಾಗದಲ್ಲಿ ಏನೂ ಇಲ್ಲ. ಹಾಗಾಗಿ “ಇವನು ಯಾವಾಗ ಕೆಟ್ಟ” ಅನ್ನೋ ನಮ್ಮ ಪ್ರಶ್ನೆ ನೈತಿಕತೆಯ ಪ್ರಶ್ನೆ ಅಂತ ನನಗೀಗ ಅನ್ನಿಸ್ತಿಲ್ಲ. ನಾವು ಕೇಳ್ತಿರೋದು, “ಎಲ್ಲೀತನಕ ನಾವು ಇವನ ಪರ ಇರಬಹುದು” ಅಂತ.

ಇದು ಒಂದು ಸಿನಿಮಾದ ಕಥೆಯಲ್ಲ. 1995ರಲ್ಲಿ ಉಪೇಂದ್ರ ‘ಓಂ’ ಮಾಡಿದರು. ಅರ್ಚಕರ ಮಗ ರೌಡಿಯಾಗೋ ಕಥೆ. ನಿಜವಾದ ರೌಡಿಗಳೇ ಬಂದು ನಟಿಸಿದ್ದ ಸಿನಿಮಾ. ಮೂವತ್ತು ವರ್ಷದಿಂದ ಅದರ ಬಗ್ಗೆ ನಾವು ಮಾತಾಡಿರೋದು ಏನು? “ಹುಡುಗಿಯಿಂದ ಹಾಳಾದ.” 2005ರಲ್ಲಿ ‘ಜೋಗಿ’ ಬಂತು. ಹಳ್ಳಿಯ ಮಾದೇಶ ಬೆಂಗಳೂರಿಗೆ ಬಂದು ಲಾಂಗು ಹಿಡೀತಾನೆ, ತಾಯಿ ಮಗನನ್ನ ಹುಡುಕ್ಕೊಂಡು ಬೀದಿ ಬೀದಿ ಅಲೀತಾಳೆ. ಹೆತ್ತವಳ ಹೆಣ ಅಂತ ಗೊತ್ತಿಲ್ಲದೆ ಅದರ ಮುಂದೆ ಅವನು ಕುಣೀತಾನೆ. ನಮ್ಮವ್ವ ಸೆರಗು ಬಾಯಿಗಿಟ್ಕೊಂಡು ಅತ್ತಿದ್ದು ನೆನಪಿದೆ. ಆ ಮಾದೇಶ ಮಚ್ಚು ಬೀಸಿದಾಗ ಬಿದ್ದವರಿಗೂ ತಾಯಂದಿರು ಇದ್ದರಲ್ಲ? ಅವರಿಗಾಗಿ ಕರ್ನಾಟಕದಲ್ಲಿ ಯಾರಾದರೂ ಅತ್ತಿದ್ದು ನಾನು ನೋಡಿಲ್ಲ. 2018ರಲ್ಲಿ ‘ಟಗರು’ ಬಂದ ಮೇಲಂತೂ ಒಂದು ಹೆಜ್ಜೆ ಮುಂದಕ್ಕೆ ಹೋದ್ವಿ. ಕೊಲೆಗಾರ ಡಾಲಿಯ ಹೆಸರು ಆ ಪಾತ್ರ ಮಾಡಿದ ಧನಂಜಯ ಅವರ ಹೆಸರಿನ ಹಿಂದೆ ಬಿರುದಾಗಿ ಕೂತುಬಿಡ್ತು. ಅದು ನಟನೆಗೆ ಸಿಕ್ಕ ಗೌರವ, ತಕರಾರಿಲ್ಲ. ಆದರೆ ಡಾಲಿ ಕೊಂದವರಲ್ಲಿ ಯಾರ ಹೆಸರಾದರೂ ಒಂದು ಆಟೋದ ಹಿಂದೆ ಕಂಡಿದೆಯಾ?

ಇಂಗ್ಲಿಷ್ ಸೀರೀಸ್ ನೋಡೋರು ನಗಬೇಡಿ, ಅಲ್ಲೂ ಇದೇ. ‘ಬ್ರೇಕಿಂಗ್ ಬ್ಯಾಡ್’ 2008ರಿಂದ 2013ರವರೆಗೆ ಬಂತು. ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಡ್ರಗ್ಸ್ ತಯಾರಕನಾಗೋ ಕಥೆ. ನಮ್ಮ ಆಫೀಸಿನ ಕೆಫೆಟೀರಿಯಾದಲ್ಲಿ ಇವತ್ತಿಗೂ ವಾದ ನಡೆಯುತ್ತೆ, ಅವನು ಕೆಟ್ಟಿದ್ದು ಯಾವ ಸೀಸನ್ನಿನಲ್ಲಿ ಅಂತ. ತುಂಬ ಜನ ಹೇಳೋದು, ಜೇನ್ ಅನ್ನೋ ಹುಡುಗಿ ಉಸಿರು ಕಟ್ಟಿ ಸಾಯೋದನ್ನ ಸುಮ್ಮನೆ ನಿಂತು ನೋಡಿದನಲ್ಲ, ಅಲ್ಲಿ. ಸರಿ. ಆ ಸಾವಿನ ಆಘಾತದಲ್ಲಿ ಏರ್ ಟ್ರಾಫಿಕ್ ಕಂಟ್ರೋಲಿನಲ್ಲಿರೋ ಅವಳ ಅಪ್ಪ ತಪ್ಪು ಮಾಡ್ತಾನೆ, ಎರಡು ವಿಮಾನ ಡಿಕ್ಕಿ ಹೊಡೆದು 167 ಜನ ಸಾಯ್ತಾರೆ. ಕೆಫೆಟೀರಿಯಾದಲ್ಲಿ ಆ 167 ಯಾರ ಬಾಯಲ್ಲೂ ಬಂದಿದ್ದಿಲ್ಲ. ತಮಾಷೆ ಅಂದ್ರೆ ವಾಲ್ಟರೂ ಅದನ್ನೇ ಮಾಡ್ತಾನೆ. ಶಾಲೆಯ ಸಭೆಯಲ್ಲಿ ಮಕ್ಕಳ ಮುಂದೆ ನಿಂತು, ಇದಕ್ಕಿಂತ ದೊಡ್ಡ ವಿಮಾನ ದುರಂತಗಳು ಎಷ್ಟೋ ಆಗಿವೆ ಅಂತ ಲೆಕ್ಕ ಒಪ್ಪಿಸ್ತಾನೆ. ನಾವು ಅವನ ಶಿಷ್ಯರು.

ಹಾಗಾದ್ರೆ ಪ್ರೇಕ್ಷಕರ ಸಿಟ್ಟೆಲ್ಲ ಯಾರ ಮೇಲೆ ಹೋಯ್ತು? ಗಂಡನ್ನ ಪ್ರಶ್ನೆ ಮಾಡಿದ ಹೆಂಡತಿ ಸ್ಕೈಲರ್ ಮೇಲೆ. ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಲೇಖನ ಬರೀಬೇಕಾಯ್ತು, ಪಾತ್ರದ ಮೇಲಿನ ದ್ವೇಷ ತನ್ನ ಮೇಲೇ ತಿರುಗಿದ್ದರ ಬಗ್ಗೆ. ಅಲ್ಲೂ “ಹೆಂಗಸಿನಿಂದ ಹಾಳಾದ”.

ಈಗ ನನಗ್ಯಾಕೆ ಇಷ್ಟೊಂದು ಉರಿ ಅಂತ ಹೇಳಿಬಿಡ್ತೀನಿ.

ನಾನು ಕೊಳ್ಳೇಗಾಲದ ಕಡೆಯವನು. ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ದೊಡ್ಡಪ್ಪನನ್ನ ಕೊಂದರು. ಅಂಡರ್‌ವರ್ಲ್ಡೂ ಇಲ್ಲ, ಡಾನೂ ಇಲ್ಲ, ಹೊಲದ ಬದುವಿನ ಜಗಳ. ಕೊಂದವರು ಪಕ್ಕದ ಹೊಲದವರೇ. ನಾನು ಅವರನ್ನ ಮಾವ ಅಂತ ಕರೀತಿದ್ದೆ. ಬಾವಿಯಲ್ಲಿ ನನಗೆ ಈಜು ಕಲಿಸಿದ್ದು ಅವರೇ, ಸೊಂಟಕ್ಕೆ ಹಗ್ಗ ಕಟ್ಟಿ. ಒಳ್ಳೆಯ ಮನುಷ್ಯ. ಅವರ ಕಡೆಯ ಕಾರಣಗಳೂ ಇದ್ದವು. ಬದು ಒಂದು ಮೊಳ ಜರುಗಿತ್ತು ಅಂತಿದ್ದರು, ಇರಬಹುದು. ಆ ವರ್ಷ ಮಳೆಯಿಲ್ಲ, ಸಾಲ ಇತ್ತು, ಹಿಂದಿನ ದಿನ ಯಾರೋ ಚುಚ್ಚಿಕೊಟ್ಟಿದ್ದರು. ಸಿನಿಮಾ ಮಾಡಿದ್ರೆ ಅವರೇ ಹೀರೋ. ಜೆಪಿ ನಗರದ ಫ್ಲ್ಯಾಟಿನಲ್ಲಿ ಕೂತು “ಮಾವ ಕೆಟ್ಟಿದ್ದು ಯಾವಾಗ” ಅಂತ ನಾವು ರಾತ್ರಿಯಿಡೀ ಮಾತಾಡಬಹುದು.

ಊರಿನಲ್ಲಿ ಆ ಮಾತು ಯಾರೂ ಆಡಲಿಲ್ಲ, ಆಡೋಕೆ ಪುರುಸೊತ್ತಿರಲಿಲ್ಲ. ಹಸು ಹಾಲು ಕರೆಯೋಕೆ ಯಾರು? ಅರಿಶಿನ ಕೀಳೋಕೆ ಯಾರು? ಕೋರ್ಟಿನ ಡೇಟಿಗೆ ದೊಡ್ಡವ್ವನ ಜೊತೆ ಬಸ್ಸು ಹತ್ತೋರು ಯಾರು? ನಮ್ಮಪ್ಪ ಹತ್ತಿದ್ರು, ವರ್ಷಗಟ್ಟಲೆ. ಸಾಕ್ಷಿ ಬರಲಿಲ್ಲ ಅಂತ ವಾಪಸ್ ಬರೋದು, ಜಡ್ಜು ರಜೆ ಅಂತ ವಾಪಸ್ ಬರೋದು. ಮಾವನಿಗೆ ಶಿಕ್ಷೆ ಆಯ್ತು. ಅವರ ಮನೆಯ ಹೆಂಗಸರೂ ನಮ್ಮ ಮನೆಯ ಹೆಂಗಸರೂ ಒಂದೇ ತೊಂಬೆಯಲ್ಲಿ ನೀರು ಹಿಡೀಬೇಕಿತ್ತು. ಎರಡು ಕೊಡದ ನಡುವೆ ಯಾರೂ ಮಾತಾಡದೇ ನಿಲ್ಲೋ ಆ ಹೊತ್ತಿಗೆ ಯಾವ ಬಿಜಿಎಮ್ಮೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಚ್ಚು ಅಂದ್ರೆ ಎಳನೀರು ಕೆತ್ತೋಕೆ, ಸೌದೆ ಸೀಳೋಕೆ. ಆ ವರ್ಷದಿಂದ ಅಜ್ಜಿ ಅದನ್ನ ಮನೆಯೊಳಗೆ ಇಡೋಕೆ ಬಿಡಲಿಲ್ಲ, ಕೊಟ್ಟಿಗೆಗೆ ಹೋಯ್ತು.

ನಮ್ಮ ಅಜ್ಜಿ ಮಾದಪ್ಪನ ಹಾಡು ಹೇಳ್ತಿದ್ದರು. ಮಲೆ ಮಹದೇಶ್ವರ ನಮ್ಮ ಕಡೆಯ ದೇವರು, ಅವನ ಹಾಡುಗಳು ನಮ್ಮ ಮನೆಮನೆಯ ಹಾಡುಗಳು. ಮಗ ಸತ್ತ ಮೇಲೆ ಅಜ್ಜಿ ಹಾಡಿದ್ದು ನಾನು ಕೇಳಲಿಲ್ಲ. ಮುಂದೆ ಎಷ್ಟೋ ವರ್ಷದ ಮೇಲೆ, ಬೆಂಗಳೂರಿನ ಥಿಯೇಟರಿನಲ್ಲಿ ‘ಸೋಜುಗದ ಸೂಜು ಮಲ್ಲಿಗೆ’ ಕೇಳಿಸ್ತು. ರಕ್ತ ಹರಿಸಿ ಬಂದ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕ್ತಿದ್ದಾನೆ, ಹಿಂದೆ ಮಾದಪ್ಪನ ಹಾಡು. ಥಿಯೇಟರೆಲ್ಲ ಶಿಳ್ಳೆ. ನಾನೂ ಶಿಳ್ಳೆ ಹೊಡೆದೆ. ಸುಳ್ಳು ಹೇಳಲ್ಲ, ಮೈ ಜುಮ್ ಅಂತು. ಮನೆಗೆ ಬಂದು ಮಲಗಿದ ಮೇಲೆ ಅಜ್ಜಿ ನೆನಪಾದರು, ನಿದ್ದೆ ಬರಲಿಲ್ಲ.

ಹಾಗಂತ ಸಿನಿಮಾದ ಮೇಲೆ ನನ್ನ ತಕರಾರಿಲ್ಲ. ರಾಜ್ ಬಿ. ಶೆಟ್ಟಿ ಆ ದೃಶ್ಯ ತೆಗೆದಿದ್ದು ನಾವು ಹೆದರಲಿ ಅಂತಲೂ ಇರಬಹುದು. ಆ ಸಿನಿಮಾದಲ್ಲಿ ಹುಡುಗರ ಸಾವನ್ನ ಕಥೆ ಮರೆಯಲ್ಲ, ಮರೆತಿದ್ದು ನಾವು. ಎರಡೂವರೆ ಗಂಟೆಯ ಸಿನಿಮಾವನ್ನ ಮೂವತ್ತು ಸೆಕೆಂಡಿನ ರೀಲ್ ಮಾಡಿ, ಕುಣಿತ ಇಟ್ಕೊಂಡು ಹೆಣ ಕತ್ತರಿಸಿ ಬಿಸಾಕಿದ್ದು ನಾವು.

“ಅಯ್ಯೋ ಗುರೂ, ಅದು ಸಿನಿಮಾ. ಸುಮ್ನೆ ಎಂಜಾಯ್ ಮಾಡು. ನಮಗೆ ವ್ಯತ್ಯಾಸ ಗೊತ್ತಾಗಲ್ವಾ?” ಅಂತೀರಿ. ಗೊತ್ತಾಗುತ್ತೆ ಅಂತಲೇ ನಾನೂ ನಂಬಿದ್ದೆ. ಆಮೇಲೆ 2024ರ ಜೂನ್ ಬಂತು. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧನ ಆಯ್ತು. ಆರೋಪ ನಿಜವೋ ಸುಳ್ಳೋ ಹೇಳಬೇಕಾದ್ದು ಕೋರ್ಟು, ನಾನಲ್ಲ. ನಾನು ಹೇಳ್ತಿರೋದು ನಮ್ಮ ಬಗ್ಗೆ. ಜೈಲಿನಲ್ಲಿ ಕೊಟ್ಟ ಕೈದಿ ನಂಬರ್ 6106 ಕೆಲವೇ ದಿನದಲ್ಲಿ ಬೈಕು, ಆಟೋಗಳ ಮೇಲೆ ಸ್ಟಿಕ್ಕರ್ ಆಯ್ತು. ಪುಟ್ಟ ಮಗುವಿಗೆ ಕೈದಿಯ ಬಟ್ಟೆ ತೊಡಿಸಿ ಆ ನಂಬರ್ ಹಾಕಿ ಫೋಟೋ ತೆಗೆಸಿದರು. ಸತ್ತವನ ಹೆಂಡತಿ ಆಗ ಬಸುರಿ. ಚರ್ಚೆ ಮಾತ್ರ ನಮಗೆ ಬಾಯಿಪಾಠ ಆಗಿದ್ದೇ: ಇಂಥವನು ಹೀಗ್ಯಾಕಾದ, ಯಾರು ಕೆಡಿಸಿದರು, ಯಾವ ಹೆಂಗಸಿನಿಂದ ಹೀಗಾಯ್ತು, ಸತ್ತವನು ಏನು ಮಾಡಿದ್ದ. ಓದು ಬರಹ ಇಲ್ಲದವರು ಹಾಗೆ ಮಾತಾಡ್ತಾರೆ ಅನ್ನಬೇಡಿ. ನಮ್ಮ ಆಫೀಸಿನ ಕ್ಯಾಬಿನಲ್ಲಿ, ಬಿಇ ಎಂಟೆಕ್ ಮಾಡಿದವರು ಕೂಡ ಹಾಗೇ ಮಾತಾಡಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ. ಇಂಪ್ಯಾಕ್ಟ್ ಕಾಲಂ ಖಾಲಿ ಬಿಡೋ ಅಭ್ಯಾಸ ಒಂದು ಸಲ ಬಂದರೆ ಟೀವಿ ಆಫ್ ಮಾಡಿದ ಮೇಲೂ ಹೋಗಲ್ಲ.

ಇನ್ನೊಂದು ವಾದ ಇದೆ, ಅದು ನನಗೆ ಹೆಚ್ಚು ಚುಚ್ಚುತ್ತೆ. “ಪಾಪ, ಹಳ್ಳಿಯಿಂದ ಬಂದ ಹುಡುಗ, ಸಿಟಿ ಅವನನ್ನ ಕೆಡಿಸ್ತು.” ‘ಜೋಗಿ’ಯ ಮಾದೇಶ, ‘ದುನಿಯಾ’ದ ಶಿವಲಿಂಗು, ಎಲ್ಲರಿಗೂ ಇದೇ ರಿಯಾಯಿತಿ. ನಾನೂ ಅದೇ ಕೆಂಪು ಬಸ್ಸಿನಲ್ಲಿ ಬಂದವನು ಕಣ್ರೀ. ನನ್ನ ಜೊತೆ ಬಂದವರಲ್ಲಿ ಒಬ್ಬ ಸಿಲ್ಕ್ ಬೋರ್ಡ್ ಹತ್ತಿರ ಸೆಕ್ಯುರಿಟಿ ಕೆಲಸಕ್ಕೆ ನಿಂತ, ಒಬ್ಬ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ದೋಸೆ ಹಾಕ್ತಾನೆ, ಒಬ್ಬ ಕ್ಯಾಬ್ ಓಡಿಸ್ತಾನೆ. ಸಿಟಿ ನಮಗೆ ಅವಮಾನ ಮಾಡಿದೆ, ಮೋಸ ಮಾಡಿದೆ, ಬಾಡಿಗೆ ಅಡ್ವಾನ್ಸ್ ನುಂಗಿದೆ. ಯಾರೂ ಯಾರನ್ನೂ ಕೊಚ್ಚಲಿಲ್ಲ. ಬಡತನದಿಂದ ಕೊಲೆಗಾರ ಆದ ಅನ್ನೋವಾಗ ಕರುಣೆ ತೋರಿಸ್ತಿದ್ದೀನಿ ಅಂದ್ಕೊಳ್ತೀರಿ. ಕೊಲೆ ಮಾಡದೇ ಬದುಕ್ತಿರೋ ಲಕ್ಷಾಂತರ ಬಡವರಿಗೆ ಅದು ಬೈಗುಳ. ಮತ್ತೆ ಆ ರೌಡಿಗಳ ಕೈಯಲ್ಲಿ ಮೊದಲು ಸಾಯೋದು ಜೆಪಿ ನಗರದ ಫ್ಲ್ಯಾಟಿನವರಲ್ಲ, ಇದೇ ಬಸ್ಸಿನಲ್ಲಿ ಬಂದವರೇ.

ಹಾಗಾದ್ರೆ ಏನು, ಕ್ರೈಮ್ ಸಿನಿಮಾ ನೋಡಬಾರದಾ? ನೋಡಿ. ನಾನೂ ನೋಡ್ತೀನಿ, ಮುಂದಿನದು ಬಂದರೆ ಮೊದಲ ದಿನವೇ ಟಿಕೆಟ್ ಬುಕ್ ಮಾಡ್ತೀನಿ. ಶಿವ ಹೆಚ್ಚೋ ಹರಿ ಹೆಚ್ಚೋ ಅಂತ ಬೆಳಗಿನ ಜಾವದವರೆಗೂ ಕಿತ್ತಾಡಿ. ಆದರೆ ಮೊದಲು ಇಂಪ್ಯಾಕ್ಟ್ ಬರೀರಿ. ಸತ್ತವನು ಯಾರು, ಹೆಸರೇನು, ಮನೆಯಲ್ಲಿ ಯಾರಿದ್ದರು, ಮಾರನೇ ದಿನ ಆ ಮನೆಯಲ್ಲಿ ಒಲೆ ಹಚ್ಚಿದವರು ಯಾರು. ಸಿನಿಮಾ ಅದನ್ನ ಹೇಳಿದ್ದರೆ ಗಮನ ಇಟ್ಟು ನೋಡಿ. ಹೇಳದೇ ಇದ್ದರೆ ಅದನ್ನೇ ನಿರ್ದೇಶಕರಿಗೆ ಕೇಳಿ. ಆಮೇಲೆ ಕಾರಣಕ್ಕೆ ಬನ್ನಿ. ಆಗಲೂ ಶಿವನ ಮೇಲೆ ನಿಮಗೆ ಮರುಕ ಹುಟ್ಟಿದರೆ ಅದು ನಿಜವಾದ ಮರುಕ, ನಾನು ಜಗಳಕ್ಕೆ ಬರಲ್ಲ.

ಇಷ್ಟೆಲ್ಲ ಬರೆದವನು ನಿನ್ನ ದೊಡ್ಡಪ್ಪನ ಹೆಸರೇ ಬರೆದಿಲ್ಲವಲ್ಲ ಅಂತ ನೀವು ಕೇಳಬಹುದು. ಬರೀಲಾ ಅಂತ ದೊಡ್ಡವ್ವನಿಗೆ ಫೋನ್ ಮಾಡಿ ಕೇಳಿದ್ದೆ. “ಬ್ಯಾಡ ಕನಪ್ಪ. ಅವರ ಮನೆ ಮಕ್ಳೂ ದೊಡ್ಡವಾಗವೆ, ಬೆಂಗಳೂರಲ್ಲೇ ಕೆಲ್ಸ ಮಾಡ್ತಾವೆ. ಓದುದ್ರೆ ನೊಂದ್ಕತ್ತವೆ” ಅಂದರು. ಕೊಂದವರ ಮಕ್ಕಳು ನೊಂದ್ಕೊಳ್ತಾರೆ ಅಂತ, ಗಂಡನನ್ನ ಕಳ್ಕೊಂಡ ದೊಡ್ಡವ್ವನ ಚಿಂತೆ. ಅದಕ್ಕೇ ಬರೆದಿಲ್ಲ. ಆದರೆ ನಮ್ಮೂರಿಗೆ ಬಂದು ಆ ಬದುವಿನ ಮೇಲೆ ನಿಂತು ಯಾರನ್ನೇ ಕೇಳಿ, ಹೇಳ್ತಾರೆ.