ಬೋಳು ನೆಲವೇ ಬಾಣಂತಿ ಕೋಣೆ

ಯುಗಾದಿ ಕಳೆದ ವಾರ ಬೆಳ್ಳಂಬೆಳಿಗ್ಗೆ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ದೋಣಿ ಹತ್ತಿದೆವು. ಬೇಸಿಗೆಯಲ್ಲಿ ನೀರು ಇಳಿದಂತೆ ಮುಳುಗಿದ್ದ ಗುಡ್ಡಗಳ ನೆತ್ತಿ ನಡುಗಡ್ಡೆಗಳಾಗಿ ಮೇಲೇಳುತ್ತದೆ. ಅಲ್ಲಿ ಮೊಟ್ಟೆಯಿಡಲು ಬರುವುದು ರೀವ, ಅಂದರೆ ರಿವರ್ ಟರ್ನ್. ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಗುರುತಿಸಲು ಪುಸ್ತಕವೇ ಬೇಡ.

ಗೂಡೆಂದರೆ ಕಡ್ಡಿ, ನಾರು ಏನೂ ಇಲ್ಲ. ನೆಲದಲ್ಲೊಂದು ಸಣ್ಣ ತಗ್ಗು, ಅಷ್ಟೇ. ಮೊಟ್ಟೆಗಳೋ, ಸುತ್ತಲ ಮಣ್ಣುಕಲ್ಲಿನ ಬಣ್ಣದವು. ಬೈನಾಕ್ಯುಲರ್ ಹಿಡಿದ ನನಗಿಂತ ಮೊದಲು ಅವು ಕಂಡದ್ದು ಒಂಬತ್ತನೇ ತರಗತಿಯ ಮಗಳಿಗೆ. (ಕನ್ನಡಕ ಬದಲಿಸುವ ಕಾಲ ಬಂತು!)

"ಇಳಿದು ನೋಡೋಣ ಅಪ್ಪಾ" ಎಂದಳು. ನನಗೂ ಆಸೆಯೇ. ದೋಣಿಯವರು ಒಪ್ಪಲಿಲ್ಲ.

"ನಾವು ಇಳಿದ್ರೆ ತಾಯಿ ಎದ್ದು ಹೋಗ್ತದೆ ಸಾರ್. ಬಿಸಿಲಿಗೆ ಮೊಟ್ಟೆ ಬೆಂದೇ ಹೋಗ್ತದೆ."

ನಿಜ. ಈ ಹಕ್ಕಿ ಕೂರುವುದು ಕಾವು ಕೊಡಲಷ್ಟೇ ಅಲ್ಲ, ನೆರಳು ಕೊಡಲೂ ಹೌದು. ಸುಡುವ ಮಧ್ಯಾಹ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುತ್ತದೆ. ಮಳೆ ಬೇಗ ಬಂದು ನೀರು ಏರಿದರಂತೂ ಇಡೀ ಸಂಸಾರವೇ ಮುಳುಗಡೆ. ಜಗತ್ತಿನಲ್ಲಿ ಅಳಿವಿನ ಭಯವಿರುವ ಪ್ರಾಣಿಪಕ್ಷಿಗಳ ಕೆಂಪು ಪಟ್ಟಿಯಲ್ಲಿ ರೀವವೂ ಸೇರಿದೆ.

ಮಗಳು ದೋಣಿಯಲ್ಲೇ ಕುಳಿತು ಎಣಿಸತೊಡಗಿದಳು. ಅವಳ ನೋಟ್‌ಬುಕ್ಕಿನಲ್ಲಿದ್ದದ್ದು ಇಷ್ಟು: ಕೂತವು 41, ಮೀನು ಕಚ್ಚಿ ಬಂದವು 3.