ನಾಯಿಗೆ ಕ್ಲಾಸೋ, ನಮಗೆ ಕ್ಲಾಸೋ?

"ಹದಿನೈದೇ ದಿನ ಸಾರ್. ನಾಯೀನ ನಮ್ಮ ಹತ್ರ ಬಿಟ್ಹೋಗಿ, ಹದಿನಾರನೇ ದಿನ ಬಂದು ಕರ್ಕೊಂಡ್ಹೋಗಿ. ಸಿಟ್ ಅಂದ್ರೆ ಕೂರತ್ತೆ, ಸ್ಟೇ ಅಂದ್ರೆ ಅಲ್ಲಾಡಲ್ಲ. ಗ್ಯಾರಂಟಿ!"

ಆ 'ಗ್ಯಾರಂಟಿ'ಗೆ ನಾನು ಮಾರುಹೋದೆ. ಮಿಕ್ಸಿಯ ಗ್ಯಾರಂಟಿ ಕಾರ್ಡನ್ನೂ ಜೋಪಾನವಾಗಿ ಎತ್ತಿಡೋ ಜಾತಿ ನಮ್ಮದು. ನಾಯಿಗೂ ಒಂದಿರಲಿ ಅನ್ನಿಸಿತು.

ಗುಂಡನಿಗೆ ಆಗ ಐದು ತಿಂಗಳು. ಬೀದಿಯಲ್ಲಿ ಸಿಕ್ಕ ನಾಟಿ ಮರಿ. ಹದಿನಾರನೇ ದಿನ ಮನೆಗೆ ಬಂದವನು 'ಸಿಟ್' ಅನ್ನೋ ಮೊದಲೇ ಕೂತ. ಚಪ್ಪಾಳೆ ತಟ್ಟಿದೆವು. ರಾತ್ರಿ ಸೊಳ್ಳೆ ಹೊಡೆಯೋಕೆ ನಾನು ಕೈ ಎತ್ತಿದೆ ನೋಡಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಮಂಚದ ಕೆಳಗೆ ನುಗ್ಗಿದ. ಅಪರಿಚಿತರನ್ನ ಕಂಡರೆ ಗುರ್ ಅನ್ನುತ್ತಿದ್ದವನು ಈಗ ಪಿಟಿಕ್ ಅನ್ನುತ್ತಿರಲಿಲ್ಲ. ಕೇಳಿದ್ದಕ್ಕೆ ಆತ "ಗುರ್ ಅನ್ನೋದನ್ನ ಬಿಡಿಸಿದೀವಿ ಸಾರ್" ಅಂದ, ಹೆಮ್ಮೆಯಿಂದ.

ಎರಡು ತಿಂಗಳ ನಂತರ ಎದುರು ಮನೆಯ ಆರು ವರ್ಷದ ಹುಡುಗ ಗುಂಡನನ್ನ ತಬ್ಬಿಕೊಳ್ಳೋಕೆ ಬಗ್ಗಿದ. ಸದ್ದಿಲ್ಲ, ಸೂಚನೆಯಿಲ್ಲ. ಸೀದಾ ಕೈಗೇ ಬಾಯಿ. ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆವು. ಗುಂಡನಿಗೆ ಲಸಿಕೆ ಆಗಿತ್ತು, ಆದರೂ ಹುಡುಗನಿಗೆ ಇಂಜೆಕ್ಷನ್ ತಪ್ಪಲಿಲ್ಲ. ಅವನಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಗುಂಡನದಲ್ಲ ಸ್ವಾಮಿ. ಗುರ್ ಅನ್ನೋದು "ದೂರ ಇರು, ನಂಗೆ ಭಯ ಆಗ್ತಿದೆ" ಅನ್ನೋ ಮಾತು. ಹೊಡೆದರೆ ಮಾತು ನಿಲ್ಲತ್ತೆ, ಭಯ ನಿಲ್ಲಲ್ಲ. ಲಾರಿಯ ಹಾರ್ನ್ ಕಿತ್ತುಹಾಕಿ "ನೋಡಿ, ಎಷ್ಟು ಸೈಲೆಂಟಾಗಿ ಓಡತ್ತೆ" ಅಂದ ಹಾಗಾಯ್ತು. ಅದಕ್ಕೆ ದುಡ್ಡು ಕೊಟ್ಟವನು ನಾನು.

ಈ ಚೋಕ್ ಚೈನ್ ಪಂಡಿತರ ಹತ್ತಿರ ಒಂದು ಮಂತ್ರ ಇರತ್ತೆ: "ನೀವು ಲೀಡರ್ ಆಗ್ಬೇಕು, ಇಲ್ದಿದ್ರೆ ನಾಯಿ ಲೀಡರ್ ಆಗ್ಬಿಡತ್ತೆ." ಇದರ ಮೂಲ ಕೇಳಿ. 1947ರಲ್ಲಿ ಶೆಂಕೆಲ್ ಅನ್ನೋ ವಿಜ್ಞಾನಿ ಝೂನಲ್ಲಿ ಕೂಡಿಹಾಕಿದ ತೋಳಗಳ ಕಿತ್ತಾಟ ನೋಡಿ ಬರೆದ. 1970ರಲ್ಲಿ ಡೇವಿಡ್ ಮೆಕ್ ತೋಳಗಳ ಬಗ್ಗೆ ಬರೆದ ಪುಸ್ತಕದಿಂದ 'ಆಲ್ಫಾ' ಅನ್ನೋ ಮಾತು ಮನೆಮಾತಾಯ್ತು. ಅದೇ ಮೆಕ್ 1999ರಲ್ಲಿ, ಕಾಡಿನ ತೋಳಗಳ ಗುಂಪು ಅಂದರೆ ಅಪ್ಪ-ಅಮ್ಮ-ಮಕ್ಕಳ ಸಂಸಾರ, ಅಲ್ಲಿ ಗದ್ದುಗೆಯ ಜಗಳ ಇಲ್ಲ ಅಂತ ತಿದ್ದಿಕೊಂಡ. ಬರೆದವನೇ ಕೈಬಿಟ್ಟ ಮಾತನ್ನ ನಮ್ಮ ಬಡಾವಣೆಗಳಲ್ಲಿ ಇನ್ನೂ ಫೀಸು ತಗೊಂಡು ಮಾರುತ್ತಿದ್ದಾರೆ!

"ನಮ್ಮೂರಲ್ಲಿ ಯಾವ ನಾಯಿಗೆ ಯಾರು ಟ್ರೈನಿಂಗ್ ಕೊಟ್ಟಿದ್ರು?" ಅಂತ ಕೇಳುತ್ತೀರಿ, ಗೊತ್ತು. ನಮ್ಮಜ್ಜಿ ಮನೆಯ ನಾಯಿಗೆ ಊರೇ ಕ್ಲಾಸಾಗಿತ್ತು. ದನ, ಬಸ್ಸು, ಮಕ್ಕಳು, ಮದುವೆ ಓಲಗ ಎಲ್ಲವನ್ನೂ ಕಣ್ಣು ಬಿಟ್ಟಾಗಿಂದ ನೋಡಿಕೊಂಡೇ ಬೆಳೆದಿತ್ತು. ಮೂರನೇ ಮಹಡಿಯ ಮರಿ ನೋಡಿರೋದು ಟೈಲ್ಸು ಮತ್ತು ಲಿಫ್ಟು. ಅದು ಲೋಕಕ್ಕೆ ಒಗ್ಗಿಕೊಳ್ಳೋ ಮುಖ್ಯ ಕಾಲ ಮೊದಲ ಮೂರು ತಿಂಗಳು. ಅಷ್ಟರಲ್ಲಿ ತೋರಿಸದಿದ್ದರೆ ಆಮೇಲೆ ಕಷ್ಟ. ಹಾಗಾಗಿ "ಆರು ತಿಂಗಳಾದ ಮೇಲೆ ಬನ್ನಿ" ಅನ್ನೋ ಸಲಹೆಯೂ ತಪ್ಪೇ. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘದ ಪ್ರಕಾರ ಏಳೆಂಟು ವಾರಕ್ಕೇ ಮರಿಗಳ ಕ್ಲಾಸು ಶುರು ಮಾಡಬಹುದು. ಕನಿಷ್ಠ ಒಂದು ಸುತ್ತು ಲಸಿಕೆ ಆಗಿ ಏಳು ದಿನ ಕಳೆದಿರಬೇಕು, ಜಂತುಹುಳದ ಔಷಧಿಯೂ ಆಗಿರಬೇಕು. ಲಸಿಕೆ ಕಾರ್ಡ್ ಕೇಳದೆ ಸೇರಿಸಿಕೊಳ್ಳೋ ಕ್ಲಾಸಿಗೆ ಮಾತ್ರ ಹೋಗಬೇಡಿ. ಪಾರ್ವೋ ಹುಡುಗಾಟ ಅಲ್ಲ.

ಸೇರಿಸೋ ಮೊದಲು ಇಷ್ಟು ಕೇಳಿ. ಒಂದು ದಿನ ನಾಯಿ ಇಲ್ಲದೆ ಬಂದು ನೋಡಬಹುದಾ? ಬೇಡ ಅಂದರೆ ಅಲ್ಲಿಂದಲೇ ವಾಪಸ್ಸು. ಕಲಿಯೋರು ಯಾರು, ನಾಯಿ ಮಾತ್ರನಾ, ನಾನೂನಾ? ನಾಯಿ ಬದುಕೋದು ನಿಮ್ಮ ಜೊತೆ, ಟ್ರೈನರ್ ಜೊತೆ ಅಲ್ಲ. ಕೊನೆಗೆ, "ನಾಯಿ ಹೇಳಿದ್ದು ಕೇಳದಿದ್ರೆ ಏನ್ಮಾಡ್ತೀರಿ?" ಉತ್ತರದಲ್ಲಿ ಜಗ್ಗೋದು, ಗದರೋದು, ಶಾಕ್ ಕಾಲರ್ ಬಂದರೆ ನಮಸ್ಕಾರ ಹೇಳಿ.

"ತಿಂಡಿ ಕೊಟ್ಟು ಕಲಿಸೋದು ಲಂಚ ಅಲ್ವಾ?" ತಿಂಗಳ ಕೊನೆಗೆ ನಿಮ್ಮ ಅಕೌಂಟಿಗೆ ಬೀಳೋದು ಲಂಚವೋ, ಸಂಬಳವೋ? 2020ರಲ್ಲಿ ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ದಂಡಿಸಿ ಕಲಿಸೋ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಕ್ಲಾಸಿನ ನಂತರ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು. ಮಂಚದ ಕೆಳಗಿನ ಗುಂಡನನ್ನ ನೋಡಿದವನಿಗೆ ಈ ಅಧ್ಯಯನ ಬೇಕಿರಲಿಲ್ಲ ಬಿಡಿ.

ಈಗ ಭಾನುವಾರಗಳಂದು ನಾವಿಬ್ಬರೂ ಬೇರೆ ಕ್ಲಾಸಿಗೆ ಹೋಗುತ್ತೇವೆ. ಜೇಬಲ್ಲಿ ಬೇಯಿಸಿದ ಕೋಳಿಯ ಚೂರು. ಬೈಸಿಕೊಳ್ಳೋದು ಹೆಚ್ಚಾಗಿ ನಾನೇ: "ಹಗ್ಗ ಬಿಗಿ ಹಿಡೀಬೇಡಿ ಸಾರ್." ಎಂಟು ತಿಂಗಳಾಯ್ತು.

ಮೊನ್ನೆ ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ಗುಂಡ ಮೆಲ್ಲಗೆ ಗುರ್ ಅಂದ. ನನ್ನ ಕಣ್ಣಲ್ಲಿ ನೀರೇ ಬಂತು. "ಸ್ವಲ್ಪ ಹಿಂದೆ ನಿಂತ್ಕೋಪ್ಪ, ಅವ್ನಿಗೆ ಭಯ" ಅಂದೆ. ಅವನು ಹಿಂದೆ ಸರಿದ, ಇವನು ಸುಮ್ಮನಾದ. ಅಷ್ಟೇ ಕೆಲಸ.

ಎದುರು ಮನೆ ಹುಡುಗ ಮಾತ್ರ ಇವತ್ತಿಗೂ ನಮ್ಮ ಬಾಗಿಲು ತೆರೆದಿದ್ದರೆ ಮೆಟ್ಟಿಲಿಳಿಯಲ್ಲ. ಅವನಿಗೆ ಯಾವ ಗ್ಯಾರಂಟಿ ಕೊಡಲಿ?