ಕಲ್ಯಾಣದ ಬಾಗಿಲಲ್ಲಿ ನಾಲ್ಕು ಲಕ್ಷ

ವಿನಿಮಯ ಅಂದರೆ ಕೊಟ್ಟು ತಗೊಳ್ಳೋದು. ಕೊಳ್ಳೇಗಾಲದಲ್ಲಿ ಸೊಪ್ಪು ಮಾರುವ ಮುದುಕಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಆದರೆ ನಮ್ಮ ವಿದ್ಯಾವಂತರು 'ವಿದ್ಯಾರ್ಥಿ ವಿನಿಮಯ' ಎಂದು ನಡೆಸುತ್ತಿರುವ ವ್ಯವಹಾರದಲ್ಲಿ ಕೊಡುವವರೂ ಉಳ್ಳವರೇ, ತೆಗೆದುಕೊಳ್ಳುವವರೂ ಉಳ್ಳವರೇ. ಹೆಲ್ಸಿಂಕಿ, ಉಪ್ಸಾಲ, ಓಸ್ಲೋ, ಕೋಪನ್‌ಹೇಗನ್. ಹಿಮ ಬೀಳುವ ಆ ಉತ್ತರದ ಊರುಗಳಲ್ಲಿ ಒಂದು ಸೆಮಿಸ್ಟರ್ ಓದಿ ಬರುವ ಭಾಗ್ಯ ಯಾರ ಮಕ್ಕಳದು? ಮಾದಪ್ಪನ ಬೆಟ್ಟದ ದಾರಿಯಲ್ಲಿ ಕೊಳ್ಳೇಗಾಲ ದಾಟಿದ ಮೇಲೆ ಸಿಗುವ ಮಧುವನಹಳ್ಳಿಯಲ್ಲಿ ನಿಂತು ನಾವು ಕೇಳುತ್ತಿದ್ದೇವೆ. ನಮ್ಮ ಕೇರಿಯ ಐಕ್ಳು ಆ ಪಟ್ಟಿಯಲ್ಲಿ ಯಾಕಿಲ್ಲ?

'ಮೆರಿಟ್ ಇಲ್ಲ' ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇದೆ ಎಂದು ನಮಗೆ ಗೊತ್ತು. ಮೆರಿಟ್ಟಿನ ಮಾತು ಆಮೇಲಿರಲಿ ಸ್ವಾಮಿ, ಮೊದಲು ದುಡ್ಡಿನ ಗಂಟು ಬಿಚ್ಚಿ.

ಎರಡು ವಿಶ್ವವಿದ್ಯಾನಿಲಯಗಳು ಒಪ್ಪಂದ ಮಾಡಿಕೊಳ್ಳುತ್ತವೆ. ಇಲ್ಲಿನ ವಿದ್ಯಾರ್ಥಿ ಇಲ್ಲಿಯೇ ಫೀಸು ಕಟ್ಟಿ ಅಲ್ಲಿಗೆ ಹೋಗಿ ಓದುತ್ತಾನೆ. ಅಲ್ಲಿಯವರು ಬೋಧನಾ ಶುಲ್ಕ ಕೇಳುವುದಿಲ್ಲ. ಇದು ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಆ ದೇಶಗಳಲ್ಲಿ ಹೊರಗಿನವರಿಗೂ ಓದು ಬಿಟ್ಟಿಯಾಗಿತ್ತು. ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಯುರೋಪಿನಾಚೆಯ ವಿದ್ಯಾರ್ಥಿಗಳ ಮೇಲೆ ಫೀಸು ಹೇರಿದವು. ಈಗ ಪದವಿ ತರಗತಿಯ ಬಡ ಹುಡುಗನಿಗೆ ಫೀಸಿಲ್ಲದೆ ಉಳಿದಿರುವ ದಾರಿ ಹೆಚ್ಚುಕಡಿಮೆ ಈ ವಿನಿಮಯವೊಂದೇ. ಆ ದಾರಿಯ ತುದಿಯಲ್ಲೂ ಒಂದು ಬಾಗಿಲಿದೆ. ಓದಲು ಬರುವವನ ಕೈಯಲ್ಲಿ ತಿಂಗಳಿಗೆ 800 ಯೂರೋ ಇದೆಯೆಂದು ತೋರಿಸಬೇಕು ಎಂಬುದು 2024ರಿಂದ ಫಿನ್ಲೆಂಡಿನ ಕಟ್ಟಳೆ. ಐದು ತಿಂಗಳಿಗೆ 4,000 ಯೂರೋ. ಯೂರೋಗೆ 100 ರೂಪಾಯಿ ಹಿಡಿದರೆ ನಾಲ್ಕು ಲಕ್ಷ. ವಿಮಾನದ ಖರ್ಚು ಬೇರೆ.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ಲಕ್ಷ ಕೂಡಿಸಲು ಸುಮಾರು 1,080 ದಿನ ಮಣ್ಣು ಹೊರಬೇಕು. ವರ್ಷಕ್ಕೆ 100 ದಿನದ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೊಂದು ವರ್ಷ. ಅದೂ ಒಂದು ಕಾಸನ್ನೂ ತಿನ್ನದೆ, ಉಡದೆ. ಮಗು ಒಂದನೇ ಕ್ಲಾಸಿಗೆ ಸೇರಿದ ದಿನ ಅವ್ವ ಮಂಕರಿ ಹೊತ್ತರೆ, ಅದು ಪಿಯುಸಿ ಓದುವ ಹೊತ್ತಿಗೆ ಐದು ತಿಂಗಳ ದುಡ್ಡು ಗಂಟಾಗುತ್ತದೆ. ಇನ್ನೊಂದು ಚೋದ್ಯ ನೋಡಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗಬೇಕಾದರೆ ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು ಎನ್ನುತ್ತದೆ ಕೇಂದ್ರ ಸರ್ಕಾರ. ಎರಡೂವರೆ ಲಕ್ಷದೊಳಗಿದ್ದರೆ ಇಲ್ಲಿ ಓದಲು ನೆರವು. ನಾಲ್ಕು ಲಕ್ಷ ಕೈಲಿದ್ದರೆ ಅಲ್ಲಿ ಓದು. ಈ ಎರಡರ ನಡುವಿನ ಹಳ್ಳವನ್ನು ನಮ್ಮ ಐಕ್ಳು ಹಾರಬೇಕಂತೆ. ಹಾರದಿದ್ದರೆ ಮೆರಿಟ್ ಇಲ್ಲವಂತೆ!

ಆ ದೇಶಗಳನ್ನು ಪಾಠಪುಸ್ತಕಗಳು 'ಕಲ್ಯಾಣ ರಾಜ್ಯ' ಎಂದು ಕರೆಯುತ್ತವೆ. ಕಲ್ಯಾಣದ ಕಥೆ ನಮಗೆ ಹೊಸದಲ್ಲ. ನಮ್ಮ ನೀಲಗಾರರು ಇರುಳೆಲ್ಲ ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದಾಗ ಬಾಗಿಲು ಕಾಯುವವರು ತಡೆಯುತ್ತಾರೆ. ಒಳಗೆ ಸಮಾನತೆಯ ಮಾತು, ಬಾಗಿಲಲ್ಲಿ ವೇಷ ನೋಡಿ ತಡೆ. ಇವತ್ತಿನ ಬಾಗಿಲು ಕಾಯುವವರು ವೇಷ ನೋಡುವುದಿಲ್ಲ, ಪಾಸ್‌ಬುಕ್ ನೋಡುತ್ತಾರೆ. ಆದರೆ ನಮ್ಮ ಸಿಟ್ಟು ಫಿನ್ಲೆಂಡಿನವರ ಮೇಲಲ್ಲ. ಅವರು ಕೇಳುವುದು ಅನ್ನದ ದುಡ್ಡು. ಬ್ಯಾಂಕಿನ ಖಾತೆ ಬರಿದಾಗಿದ್ದರೂ ಖರ್ಚಿಗಾಗುವಷ್ಟು ವಿದ್ಯಾರ್ಥಿವೇತನ ಉಂಟೆಂಬ ಪತ್ರ ಕೊಟ್ಟರೆ ಒಪ್ಪುತ್ತಾರೆ. ಆ ಒಂದು ಕಾಗದ ಬರೆಯಬೇಕಾದವರು ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತಿದ್ದಾರೆ.

ದೆಹಲಿಯವರು ಏನು ಮಾಡಿದ್ದಾರೆ? ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅದು ಸ್ನಾತಕೋತ್ತರ ಪದವಿಗೆ, ಪಿಎಚ್.ಡಿ.ಗೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. 2022ರಲ್ಲಿ ಅದಕ್ಕೂ ಬೇಲಿ ಹಾಕಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಈ ದುಡ್ಡಿಲ್ಲ ಎಂದರು. ಸ್ವೀಡನ್ನಿನ ಪ್ರೊಫೆಸರು ಬಂದು ನಮ್ಮ ಕೇರಿಯ ಮೇಲೆ ಪುಸ್ತಕ ಬರೆಯಬಹುದು. ಕೇರಿಯ ಹುಡುಗ ಈ ದುಡ್ಡಿನಲ್ಲಿ ಅಲ್ಲಿಗೆ ಹೋಗಿ ಜಾತಿಯ ಬಗ್ಗೆ ಬರೆಯುವಂತಿಲ್ಲ! 2025ರಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲು ಪತ್ರ ಕೊಟ್ಟದ್ದು 40 ಜನಕ್ಕೆ. ಉಳಿದವರಿಗೆ ದುಡ್ಡು ಬಂದರೆ ನೋಡೋಣ ಎಂದರು. ರಾಜ್ಯದ 'ಪ್ರಬುದ್ಧ' ಯೋಜನೆಯ ಕಣ್ಣೂ ಹೊರದೇಶದ ಪದವಿಯ ಮೇಲೆಯೇ. ಇಲ್ಲೇ ಪದವಿ ಓದುತ್ತಾ ನಡುವೆ ಒಂದು ಸೆಮಿಸ್ಟರ್ ಹೋಗಿ ಬರುವವನು ಯಾರ ಲೆಕ್ಕಕ್ಕೂ ಇಲ್ಲ.

ಹೋಗಿ ಬಂದವರ ಕಥೆಗಳನ್ನೂ ಕೇಳಿದ್ದೇವೆ. ಅಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕೂಗಬಹುದಂತೆ. ಉಂಡ ತಟ್ಟೆ ತಾನೇ ತೊಳೆಯಬೇಕಂತೆ. ಸಂಡಾಸನ್ನೂ ಸರದಿ ಮೇಲೆ ತೊಳೆದರಂತೆ. ಭೇಷ್! ಸಾವಿರಾರು ಮೈಲಿ ಹಾರಿ ಕಲಿತ ಪಾಠವನ್ನು ವಾಪಸ್ ಬಂದ ದಿನ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರುತ್ತಾರಲ್ಲ, ಯಾಕೆ? ಮಾರನೇ ಬೆಳಿಗ್ಗೆ ಅವರ ಮನೆಯ ಕಕ್ಕಸು ತೊಳೆಯಲು ಯಾವ ಕೇರಿಯವರು ಬರುತ್ತಾರೆಂದು ನಾವು ಹೇಳಬೇಕೆ? ಅವರಿಗೆ ಸಮಾನತೆ ಐದು ತಿಂಗಳ ಸೋಜಿಗ, ಫೋಟೋ ತೆಗೆದು ತೋರಿಸುವ ಮಂಜು. ನಮಗದು ಉಸಿರು. ನಮ್ಮ ಪಕ್ಕದ ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡವರು ನಾವು. ಆ ಸಾಲು ಜಾತ್ರೆ ಮುಗಿದ ಮೇಲೂ ಉಳಿಯುವುದು ಹೇಗೆ ಎಂಬುದನ್ನು ನೋಡಿ ಬರಬೇಕಾದವರೂ ನಾವೇ.

ಬಾಬಾಸಾಹೇಬರು 1913ರಲ್ಲಿ ಬರೋಡ ಮಹಾರಾಜರ ನೆರವಿನಿಂದ ಅಮೆರಿಕಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು. ಹೊರದೇಶದ ವಾಸದಲ್ಲಿ ತಾನು ಅಸ್ಪೃಶ್ಯ ಎಂಬುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು ಅವರೇ ಬರೆದಿಟ್ಟಿದ್ದಾರೆ. 1917ರಲ್ಲಿ ಬರೋಡಕ್ಕೆ ಬಂದಿಳಿದರೆ ತಂಗಲು ಜಾಗವಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿಕೊಂಡು ಇದ್ದವರನ್ನು ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಆದರೆ ಒಂದು ಸಲ ನೆಟ್ಟಗೆ ನಿಂತ ಬೆನ್ನು ಮತ್ತೆ ಬಗ್ಗಲಿಲ್ಲ. ಹೊರದೇಶದ ಓದಿನ ಫಲ ಡಿಗ್ರಿಯಷ್ಟೇ ಅಲ್ಲ, ಈ ಬೆನ್ನು. ಉಳ್ಳವರಿಗೆ ಇದು ಚೆನ್ನಾಗಿ ಗೊತ್ತು.

'ಅಲ್ಲೇನು ಸ್ವರ್ಗ ಇದೆಯಾ?' ಎನ್ನುತ್ತಾರೆ. ಇಲ್ಲ. 1922ರಲ್ಲಿ ಉಪ್ಸಾಲದಲ್ಲೇ ಸ್ವೀಡನ್ ಸರ್ಕಾರ ಜನಾಂಗ ಜೀವಶಾಸ್ತ್ರದ ಸಂಸ್ಥೆ ತೆರೆದು ಸಾಮಿ ಬುಡಕಟ್ಟಿನವರ ತಲೆಬುರುಡೆ ಅಳೆಯಿತು. ಆ ಸಾಮಿಗಳ ಮಕ್ಕಳ ಜೊತೆ ಕೂತು ಮಾತಾಡುವ ಅಗತ್ಯ ನಮಗಿದೆ, ಫೋಟೋದವರಿಗಿಲ್ಲ. 2000ದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ದಲಿತ ಐಕಮತ್ಯ ಜಾಲದ ಕಚೇರಿ ಇರುವುದು ಕೋಪನ್‌ಹೇಗನ್ನಿನಲ್ಲಿ. ನಮ್ಮ ಹೆಸರು ಅಲ್ಲಿಗೆ ತಲುಪಿ ಇಪ್ಪತ್ತೈದು ವರ್ಷವಾಯಿತು, ನಮ್ಮ ಐಕ್ಳು ಇನ್ನೂ ತಲುಪಿಲ್ಲ. 'ಹೋದವರು ಬರೋದಿಲ್ಲ' ಎಂಬುದು ಇನ್ನೊಂದು ಮಾತು. ವಿನಿಮಯಕ್ಕೆ ಹೋದವನು ಪದವಿ ಮುಗಿಸಲು ಇಲ್ಲಿಗೇ ಬರಬೇಕು. ಹೋಗಿ ಅಲ್ಲೇ ಉಳಿದವರು ಯಾರು, ಯಾವ ಅಗ್ರಹಾರಗಳಿಂದ ಹೋದವರು ಎಂಬ ಲೆಕ್ಕ ಬೇಕಾದರೆ ತೆಗೆಯೋಣ.

ದುಡ್ಡಿಲ್ಲ ಎನ್ನಬೇಡಿ. ದುಡ್ಡಿಲ್ಲ ಎನ್ನುವ ರಾಗ ನಮ್ಮ ಜಿಲ್ಲೆಯ ಹತ್ತಿರವೇ ಜಾಸ್ತಿ. 2023ರಲ್ಲಿ ಹುಟ್ಟಿದ ಚಾಮರಾಜನಗರ ವಿಶ್ವವಿದ್ಯಾನಿಲಯವನ್ನು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚುವವರ ಪಟ್ಟಿಗೆ ಸೇರಿಸಿತು. ಇತ್ತ ಪರಿಶಿಷ್ಟರ ಉಪಯೋಜನೆಗೆಂದು 2013ರ ಕಾಯ್ದೆ ಕಾಯ್ದಿಟ್ಟ ಹಣದಿಂದ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದರು. ತಲೆಗೆ ಐದು ಲಕ್ಷದಂತೆ 100 ಮಕ್ಕಳನ್ನು ಕಳಿಸಿದರೂ ಆಗುವುದು 5 ಕೋಟಿ. ಅದಕ್ಕೆ ಕೈ ನಡುಗುತ್ತದೆ!

ಆದ್ದರಿಂದ ನಮ್ಮ ಮಾತು ಇಷ್ಟು. ವಿನಿಮಯದ ಒಪ್ಪಂದಕ್ಕೆ ಸಹಿ ಹಾಕುವ ಪ್ರತಿಯೊಂದು ವಿಶ್ವವಿದ್ಯಾನಿಲಯವೂ ಮೀಸಲಾತಿಯ ಪ್ರಕಾರ ಹೆಸರು ಕಳಿಸಲಿ. ಹೋದವರು ಯಾರೆಂಬ ಪಟ್ಟಿಯನ್ನು ಬಹಿರಂಗವಾಗಿ ಅಂಟಿಸಲಿ. ಸಮಾಜ ಕಲ್ಯಾಣ ಇಲಾಖೆ ಆ ಪತ್ರವನ್ನು, ಆ ದುಡ್ಡನ್ನು ವೀಸಾಗೆ ಮೊದಲೇ ಕೊಡಲಿ. ಓದು ಮುಗಿದ ಮೇಲೆ ಬರುವ ವಿದ್ಯಾರ್ಥಿವೇತನದ ರುಚಿ ನಮಗೆ ಗೊತ್ತಿದೆ, ಅದು ಬೇಡ.

ವಿನಿಮಯ ಅಂತ ನೀವೇ ಹೆಸರಿಟ್ಟಿದ್ದೀರಿ. ಕೊಡೋರ ಸಾಲಿನಲ್ಲಿ ನಾವು ತಲೆತಲಾಂತರದಿಂದ ನಿಂತಿದ್ದೇವೆ. ಬೆವರು ಕೊಟ್ಟೆವು, ರೇಷ್ಮೆ ಕೊಟ್ಟೆವು, ನಿಮ್ಮ ಬಚ್ಚಲು ತೊಳೆದುಕೊಟ್ಟೆವು. ಈಗ ತಗೊಳ್ಳೋರ ಸಾಲಿಗೆ ಬರುತ್ತಿದ್ದೇವೆ. ಜಾಗ ಬಿಡಿ.